ಮನೆ ಗುಡಿಸೋ ರೋಬೋಟ್: ಏಳು ತಿಂಗಳು ಬಳಸಿದ್ಮೇಲೆ, ನೆಟ್ ಕಿತ್ತು ನೋಡಿದ್ಮೇಲೆ

ಇದನ್ನ ತಂದು ಏಳು ತಿಂಗಳಾಯ್ತು. ಕ್ಯಾಮೆರಾ, ಲೈಡಾರ್ (ಲೇಸರ್ ಬೆಳಕು ಬಿಟ್ಟು ಸುತ್ತಲಿನ ದೂರ ಅಳೆಯೋ ಸೆನ್ಸರ್) ಎರಡೂ ಇರೋ ಮಾಡೆಲ್, ತಾನೇ ಮನೆ ಮ್ಯಾಪ್ ಮಾಡ್ಕೊಂಡು ತಾನೇ ಗುಡಿಸಿ ತಾನೇ ಹೋಗಿ ಚಾರ್ಜಿಗೆ ನಿಂತ್ಕೊಳ್ಳತ್ತೆ. ಬ್ರ್ಯಾಂಡ್ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗತ್ತೆ. ಗುಡಿಸೋದು ಪರವಾಗಿಲ್ಲ, ಮೂಲೇಲಿ ಧೂಳು ಬಿಡತ್ತೆ, ಕೂದಲು ಬ್ರಷ್‌ಗೆ ಸುತ್ಕೊಳ್ಳತ್ತೆ, ಇದನ್ನೆಲ್ಲ ಬೇಕಾದಷ್ಟು ಜನ ಬರೆದಿದಾರೆ. ನನ್ನ ತಲೆ ತಿಂದಿದ್ದು ಬೇರೆ ವಿಷಯ. ಯಾರೂ ಇಲ್ಲದಾಗ ಕಣ್ಣು ಬಿಟ್ಕೊಂಡು ಮನೆ ತುಂಬಾ ಓಡಾಡೋ ಯಂತ್ರ, ಇದನ್ನ ಎಷ್ಟು ನಂಬೋದು?

ಮೊದಲನೇ ವಾರ ಬಾಗಿಲ ಹತ್ರ ಹಾಸಿದ್ದ ಕಪ್ಪು ಮ್ಯಾಟ್ ಮುಂದೆ ಹೋಗಿ ಟಕ್ ಅಂತ ನಿಂತಿತು. ಹಿಂದೆ ಬಂತು, ಪಕ್ಕದಿಂದ ಹೋಯ್ತು, ಮತ್ತೆ ನಿಂತಿತು. ಕೆಟ್ಟೋಯ್ತು ಅನ್ಕೊಂಡೆ. ಆಮೇಲೆ ಗೊತ್ತಾಯ್ತು, ಹೊಟ್ಟೆ ಕೆಳಗಿರೋ ಸೆನ್ಸರ್ ನೆಲಕ್ಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು ಅದು ವಾಪಸ್ ಬರತ್ತಾ ಅಂತ ನೋಡತ್ತೆ, ಕಪ್ಪು ಬಣ್ಣ ಬೆಳಕನ್ನ ನುಂಗಿಬಿಟ್ರೆ ಮುಂದೆ ಮೆಟ್ಟಿಲಿದೆ ಅಂತ ಹೆದರತ್ತೆ. ಸೆನ್ಸರ್ ಮೇಲೆ ಟೇಪ್ ಅಂಟಿಸಿ ಸರಿಹೋಗತ್ತೆ ಅಂತ ಒಬ್ರು ಹೇಳಿದ್ರು. ಸರಿಹೋಗತ್ತೆ ನಿಜ, ಮ್ಯಾಟೂ ಹತ್ತತ್ತೆ, ಮೆಟ್ಟಿಲಿಂದಾನೂ ಉರುಳತ್ತೆ! ನಾನು ಮ್ಯಾಟೇ ಬದಲಾಯಿಸಿದೆ.

ಅಲ್ಲಿಗೆ ಬಿಡ್ಲಿಲ್ಲ, ಆಪ್‌ನ ರಿಮೋಟ್ ಮೋಡ್‌ನಲ್ಲಿ ಬೇಕಂತಲೇ ಮೆಟ್ಟಿಲ ಕಡೆ ಓಡಿಸಿದೆ. ಅಂಚಿಗೆ ಬಂದು ನಿಂತಿತು, ಎಷ್ಟು ಒತ್ತಿದ್ರೂ ಊಹೂಂ. ಫುಲ್ ಖುಷಿಯಾಯ್ತು. ಅಂದ್ರೆ ಫೋನಿಂದ ಯಾರೇ ಏನೇ ಹೇಳಲಿ, ಚಕ್ರದ ವಿಷಯದಲ್ಲಿ ಕೊನೇ ಮಾತು ಸೆನ್ಸರ್‌ದೇ. ಇದು ಸಣ್ಣ ವಿಷಯ ಅಲ್ಲ, 2015ರಲ್ಲಿ ಚಾರ್ಲಿ ಮಿಲ್ಲರ್, ಕ್ರಿಸ್ ವಲಾಸೆಕ್ ಅನ್ನೋ ಇಬ್ರು ಸಂಶೋಧಕರು ಜೀಪ್ ಚೆರೋಕಿಯ ಮ್ಯೂಸಿಕ್ ಸಿಸ್ಟಮ್ ಮೂಲಕ ದೂರದಿಂದಲೇ ಒಳಗೆ ನುಗ್ಗಿ ಬ್ರೇಕ್ ತನಕ ತಲುಪಿ ತೋರಿಸಿದ್ರು, ಕಂಪನಿ 14 ಲಕ್ಷ ಗಾಡಿ ವಾಪಸ್ ಕರೆಸಬೇಕಾಯ್ತು. ಹಾಡು ಕೇಳೋ ಡಬ್ಬದಿಂದ ಬ್ರೇಕಿಗೆ ದಾರಿ ಯಾಕೆ ಇರಬೇಕಿತ್ತು ಹೇಳಿ.

ಮುಂದಿನ ಪರೀಕ್ಷೆ, ಗುಡಿಸ್ತಾ ಇರೋವಾಗ್ಲೇ ರೌಟರ್ ಆಫ್ ಮಾಡಿದೆ. ಏನೂ ಆಗಿಲ್ಲ ಅನ್ನೋ ಥರ ಕೆಲಸ ಮುಗಿಸಿ ಚಾರ್ಜಿಗೆ ಹೋಯ್ತು, ಮ್ಯಾಪ್ ಒಳಗೇ ಇದೆ. ಆದ್ರೆ ಮಾರನೇ ದಿನ ಬೆಳಿಗ್ಗೆ ಟೈಮಿಗೆ ಏಳಲೇ ಇಲ್ಲ, ಯಾಕಂದ್ರೆ ಟೈಮ್‌ಟೇಬಲ್ ಕಂಪನಿ ಸರ್ವರ್‌ನಲ್ಲಿ ಕೂತಿದೆ. ಎಂಟು ಗಂಟೆ ಆಯ್ತು ಅಂತ ಗೊತ್ತಾಗೋಕೂ ಸರ್ವರ್ ಬೇಕಾ ಮಾರಾಯ್ರೆ?

ಈಗ ಬೇಜಾರಿನ ವಿಷಯ. ಕ್ಯಾಮೆರಾ ಫೋಟೋ ಕಂಪನಿಗೆ ಕಳಿಸೋ ಆಪ್ಷನ್ ಮೊದಲ ದಿನವೇ ಆಫ್ ಮಾಡಿದ್ದೆ. ನಾಲ್ಕನೇ ತಿಂಗಳು ರಾತ್ರೋರಾತ್ರಿ ಒಂದು ಅಪ್‌ಡೇಟ್ ಬಂತು, ಬೆಳಿಗ್ಗೆ ನೋಡಿದ್ರೆ ಅದು ಆನ್ ಆಗಿ ಕೂತಿದೆ! ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದೆ, 'ನಿಮ್ಮ ಅನುಭವ ಉತ್ತಮಪಡಿಸಲು' ಅಂತ ಉತ್ತರ. ಇನ್ನೂ ಎಷ್ಟು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಕೊಡ್ತೀರಿ ಅಂತ ಎರಡು ಸಲ ಕೇಳಿದೆ, ಅದಕ್ಕೆ ಉತ್ತರಾನೇ ಇಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಇಂಥ ಸಾಮಾನು ಮಾರೋರು ಈ ಅವಧಿ ಹೇಳಲೇಬೇಕು ಅಂತ ಕಾನೂನೇ ಇದೆ, ಎಲ್ಲಾ ಪೀಸ್‌ಗೂ ಫ್ಯಾಕ್ಟರಿಯಲ್ಲೇ ಒಂದೇ ಡೀಫಾಲ್ಟ್ ಪಾಸ್‌ವರ್ಡ್ ಹಾಕಿ ಇಡೋ ಹಾಗೂ ಇಲ್ಲ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ (ಹಾನಿ ಮಾಡೋಕೇ ಬರೆದ ಸಾಫ್ಟ್‌ವೇರ್) ಲಕ್ಷಗಟ್ಟಲೆ ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗಿದ್ದು ಅಂಥ ಪಾಸ್‌ವರ್ಡ್ ಹಿಡ್ಕೊಂಡೇ. ಇದರಲ್ಲಿ ಪಾಸ್‌ವರ್ಡ್ ನಾವೇ ಹಾಕ್ಬೇಕು, ಅಷ್ಟು ಮಟ್ಟಿಗೆ ಒಳ್ಳೇದು.

ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ, ಮೂರೂ ಮೆಟ್ಟಿಲ ಅಂಚಲ್ಲಿ ನಿಂತಿದ್ದಕ್ಕೆ. ತಗೊಳ್ಳೋರು ಗೆಸ್ಟ್ ವೈಫೈಗೆ ಹಾಕಿ, ನಿಮ್ಮ ಲ್ಯಾಪ್‌ಟಾಪ್ ಇರೋ ನೆಟ್‌ವರ್ಕ್‌ಗೆ ಬೇಡ, ಪ್ರತಿ ಅಪ್‌ಡೇಟ್ ಆದ್ಮೇಲೆ ಸೆಟ್ಟಿಂಗ್ಸ್ ಒಂದ್ಸಲ ತೆಗೆದು ನೋಡಿ. ಅವತ್ತು ಬೇಡ ಅಂದಿದ್ದ ಟೇಪ್ ಈಗ ಕ್ಯಾಮೆರಾ ಮೇಲಿದೆ. ಲೈಡಾರ್ ಇದೆಯಲ್ಲ, ಗೋಡೆ ಕುರ್ಚಿ ಎಲ್ಲಾ ಗೊತ್ತಾಗತ್ತೆ, ದಾರಿ ತಪ್ಪಲ್ಲ. ವಾರಕ್ಕೊಂದು ಸಾಕ್ಸ್ ಮಾತ್ರ ನುಂಗತ್ತೆ, ಆಮೇಲೆ ದಿನಾ 'ದಯವಿಟ್ಟು ಕ್ಯಾಮೆರಾ ಒರೆಸಿ' ಅಂತ ಮೆಸೇಜ್ ಹಾಕತ್ತೆ.