ಕಾಲೇಜು ಲೈಬ್ರರಿಯಲ್ಲಿ ಎನ್‌ವಿಡಿಎ: ತಂತ್ರಾಂಶ ಸರಿಯಿದೆ, ನೋಟ್ಸ್ ಸರಿಯಿಲ್ಲ

ರಾಯಚೂರು, ಕೊಪ್ಪಳ ಕಡೆಯ ಪದವಿ ಕಾಲೇಜುಗಳು ಕಣ್ಣು ಕಾಣದ ವಿದ್ಯಾರ್ಥಿಗಾಗಿ ದುಡ್ಡು ಕೊಟ್ಟು ಏನನ್ನಾದರೂ ತರುವ ಮೊದಲು ಎನ್‌ವಿಡಿಎ ಹಾಕಿ ನೋಡಬೇಕು. ವಿಂಡೋಸ್ ಪರದೆಯ ಮೇಲಿರುವುದನ್ನು ಓದಿ ಹೇಳುವ ಈ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರಿಗೂ ದೃಷ್ಟಿಯಿಲ್ಲ. ಅದಕ್ಕೆ ಬೆಲೆಯಿಲ್ಲ, ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು. ಕನ್ನಡ ಓದುವ ಇಸ್ಪೀಕ್ ಧ್ವನಿ ಅದರೊಳಗೇ ಬರುತ್ತದೆ.

ಅನುಸ್ಥಾಪನೆಗೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಗೊತ್ತಿದ್ದವರು ರಜೆಯಲ್ಲಿದ್ದರೆ ಕೆಲಸ ನಿಲ್ಲುತ್ತದೆ. ಆಗ ಅನುಸ್ಥಾಪನೆ ಬೇಡದ ಪೋರ್ಟಬಲ್ ಪ್ರತಿ ಮಾಡಿಕೊಳ್ಳಿ: ಇನ್ಸರ್ಟ್ ಜೊತೆ ಎನ್ ಒತ್ತಿ, ಟೂಲ್ಸ್ ಮೆನುವಿನಲ್ಲಿ ಪೋರ್ಟಬಲ್ ಕಾಪಿ ಆರಿಸಿ, ಪೆನ್‌ಡ್ರೈವ್ ತೋರಿಸಿ. ಆ ಪೆನ್‌ಡ್ರೈವನ್ನು ಯಾವ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೂ ಸಾಮಾನ್ಯವಾಗಿ ನಡೆಯುತ್ತದೆ. ಕನ್ನಡ ಧ್ವನಿಗೆ ಇನ್ಸರ್ಟ್, ಕಂಟ್ರೋಲ್, ವಿ ಒಟ್ಟಿಗೆ ಒತ್ತಿ, ಸಿಂಥಸೈಜರ್ ಬೇರೆಯಿದ್ದರೆ ಅದನ್ನು ಇಸ್ಪೀಕ್ ಎಂದು ಬದಲಿಸಿ, ವಾಯ್ಸ್ ಪಟ್ಟಿಯಲ್ಲಿ ಕನ್ನಡ ಆರಿಸಿ, ವೇಗ ತಗ್ಗಿಸಿ. ಇಸ್ಪೀಕ್ ಧ್ವನಿ ಯಂತ್ರದ ಧ್ವನಿಯೇ, ಇಂಪಿಲ್ಲ. ಕಿವಿ ಪಳಗುವತನಕ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದ ಹಾಗೆ ಕೇಳುತ್ತವೆ. ಮೊದಲ ದಿನವೇ ಬೇಡವೆಂದು ಎದ್ದುಹೋಗುವವರನ್ನು ಒಂದು ವಾರ ಕೂರಿಸಿ.

"ಧ್ವನಿಯೇ ಬರುತ್ತಿಲ್ಲ" ಎಂಬ ದೂರು ಬಂದರೆ ಹೆಡ್‌ಫೋನ್ ಬದಲಿಸುವ ಮುಂಚೆ ಇನ್ಸರ್ಟ್ ಜೊತೆ ಎಸ್ ಒತ್ತಿ ನೋಡಿ. ಗೊತ್ತಿಲ್ಲದೆ ಆ ಕೀಲಿ ಒತ್ತಿದರೆ ಮಾತು ನಿಂತು ಬರೀ ಬೀಪ್ ಬರುತ್ತದೆ, ಇಲ್ಲವೇ ಪೂರ್ತಿ ಮೌನವಾಗುತ್ತದೆ. ಮಾತು ಮರಳುವತನಕ ಮತ್ತೆ ಒತ್ತಬೇಕು.

ಇಷ್ಟಾದರೂ ವಿದ್ಯಾರ್ಥಿ ಕೈಚೆಲ್ಲುವುದು ಕನ್ನಡ ನೋಟ್ಸ್ ತೆರೆದಾಗ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ರಾಶಿ. ಅಲ್ಲಿ 'ಕ' ಎಂಬ ಅಕ್ಷರವೇ ಇಲ್ಲ, ಇಂಗ್ಲಿಷ್ ಚಿಹ್ನೆಯೊಂದಕ್ಕೆ 'ಕ'ದ ವೇಷ ಹಾಕಿದ್ದಾರೆ. ಎನ್‌ವಿಡಿಎ ವೇಷ ನೋಡುವುದಿಲ್ಲ, ಒಳಗಿನ ಚಿಹ್ನೆಯನ್ನೇ ಓದುತ್ತದೆ. ಕೇಳುವವರಿಗೆ ಬರೀ ಗದ್ದಲ. ಇದು ತಂತ್ರಾಂಶದ ತಪ್ಪಲ್ಲ, ನಾವು ಕೊಟ್ಟ ಕಡತದ ತಪ್ಪು. ಪತ್ತೆ ಸುಲಭ: ಒಂದು ಪ್ಯಾರಾ ಆಯ್ದು ಫಾಂಟನ್ನು ವಿಂಡೋಸ್ ಜೊತೆ ಬರುವ ನಿರ್ಮಲಾ ಯುಐಗೆ ಬದಲಿಸಿ. ಇಂಗ್ಲಿಷ್ ಅಕ್ಷರಗಳು ಎದ್ದು ಬಂದರೆ ಅದು ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ) ಅಲ್ಲ.

ನುಡಿ ತಂತ್ರಾಂಶದ ಪರಿವರ್ತಕದಲ್ಲಿ ಹಾಕಿದರೆ ಯೂನಿಕೋಡ್ ಆಗುತ್ತದೆ. ಆದರೆ ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಕಸವಾಗಿ ಬಿಡುತ್ತವೆ. ಅರ್ಥಶಾಸ್ತ್ರ, ಕಂಪ್ಯೂಟರ್ ನೋಟ್ಸ್‌ಗಳಲ್ಲಿ ಈ ಕಾಟ ಹೆಚ್ಚು. ಕನ್ನಡದ ಭಾಗವನ್ನಷ್ಟೇ ಆಯ್ದು ಪರಿವರ್ತಿಸಿ.

ಪಿಡಿಎಫ್ ಇನ್ನೊಂದು ತೊಡಕು. ಸಾಲಿನ ಮೇಲೆ ಮೌಸ್ ಎಳೆದಾಗ ಅಕ್ಷರಗಳು ಆಯ್ಕೆಯಾಗದಿದ್ದರೆ ಅದು ಪುಟದ ಫೋಟೊ, ಓದಲು ಅಲ್ಲಿ ಅಕ್ಷರವೇ ಇಲ್ಲ. ಆಯ್ಕೆಯಾದರೂ ನಂಬಬೇಡಿ, ಕನ್ನಡದ ಪಿಡಿಎಫ್‌ನಿಂದ ನಕಲು ಮಾಡಿದ ಪಠ್ಯದಲ್ಲಿ ಒತ್ತುಗಳು ಜಾಗ ಬಿಟ್ಟು ಓಡಿರುತ್ತವೆ. ಅಧ್ಯಾಪಕರಿಂದ ಮೂಲ ವರ್ಡ್ ಕಡತವನ್ನೇ ಕೇಳಿ ಪಡೆಯುವುದು ಮೇಲು.

ಮುದ್ರಿತ ಪುಸ್ತಕವೊಂದೇ ಇದ್ದರೆ 300 ಡಿಪಿಐಯಲ್ಲಿ, ನಡುಬೆನ್ನಿನ ನೆರಳು ಬೀಳದಂತೆ ಚಪ್ಪಟೆ ಒತ್ತಿ ಸ್ಕ್ಯಾನ್ ಮಾಡಿ. ಕಡತವನ್ನು ಸುಮಾರು 2 ಎಂಬಿಗೆ ಮೀರದ ತುಂಡುಗಳಾಗಿ ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರವಾಗಿ ಬರುತ್ತದೆ. ಕೋಷ್ಟಕಗಳು ಚೆಲ್ಲಾಪಿಲ್ಲಿಯಾಗುತ್ತವೆ. ತಿದ್ದುವಾಗ ಎರಡು ಜಾಗ ಮರೆಯಬಾರದು: ಅರ್ಕಾವತ್ತು ಕನ್ನಡದ ಅಂಕಿ ೯ ಆಗಿ, ಅನುಸ್ವಾರ ಸೊನ್ನೆಯಾಗಿ ಬಂದಿರಬಹುದು. ಕಣ್ಣಿಗೆ ಎರಡೂ ಒಂದೇ, ಆದರೆ ಕಿವಿಗೆ ಪದದ ನಡುವೆ "ಒಂಬತ್ತು", "ಸೊನ್ನೆ" ಎಂದು ಬೀಳುತ್ತದೆ. ಹುಡುಕಿ ಬದಲಿಸುವ ಸೌಲಭ್ಯದಿಂದ ಒಮ್ಮೆಲೇ ಎಲ್ಲವನ್ನೂ ಬದಲಿಸಿದರೆ ನಿಜವಾದ ಇಸವಿಗಳೂ ಕೆಡುತ್ತವೆ, ಒಂದೊಂದಾಗಿ ನೋಡಿ.

"ಪುಸ್ತಕ ಸ್ಕ್ಯಾನ್ ಮಾಡಿದರೆ ಕಾಪಿರೈಟ್ ಕೇಸ್ ಬೀಳುತ್ತದೆ" ಎಂದು ಹಿಂಜರಿಯುವ ಗ್ರಂಥಪಾಲಕರಿಗೆ ಒಂದು ಮಾತು: 2012ರ ತಿದ್ದುಪಡಿಯ ನಂತರ ಕಾಪಿರೈಟ್ ಕಾಯ್ದೆಯ 52ನೇ ಕಲಂ ವಿಕಲಚೇತನರಿಗಾಗಿ ಹೀಗೆ ರೂಪ ಬದಲಿಸಲು ಅನುಮತಿ ಕೊಡುತ್ತದೆ. ಲಾಭಕ್ಕೆ ಮಾರಬಾರದು, ಉಳಿದ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹರಿಬಿಡಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ, ಅನುದಾನಿತ ಕಾಲೇಜುಗಳು ಶೇ. 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲಿಡಬೇಕು. ಸೀಟು ಕೊಟ್ಟು ಓದುವ ಪುಸ್ತಕ ಕೊಡದಿರುವುದು ಆ ಮಗುವಿಗೆ ಮಾಡುವ ಅನ್ಯಾಯ.

ಮುದ್ರಿತ ಪುಸ್ತಕ ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಆನ್‌ಲೈನ್ ಲೈಬ್ರರಿ ಸುಗಮ್ಯ ಪುಸ್ತಕಾಲಯವನ್ನೂ ಸೇರಿಸಿಕೊಳ್ಳಿ, ಯಂತ್ರ ಓದಿ ಹೇಳಬಲ್ಲ ಡೈಸಿ ಮತ್ತು ಇಪಬ್ ರೂಪದ ಪುಸ್ತಕಗಳು ಅಲ್ಲಿವೆ. ಸದಸ್ಯತ್ವಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಕಾದಂಬರಿ, ಸಾಮಾನ್ಯ ಓದಿಗೆ ಒಳ್ಳೆಯದು. ಈ ಸೆಮಿಸ್ಟರಿನ ಕನ್ನಡ ಪಠ್ಯ ಅಲ್ಲೇ ಸಿಗುತ್ತದೆಂದು ಕಾದು ಕೂರಬಾರದು.

ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿಗೂ ಸಿಗುವಂತೆ ಈ ಕಂಪ್ಯೂಟರ್ ನೆಲಮಹಡಿಯಲ್ಲೇ ಇರಬೇಕು. ಇಳಿಜಾರು 1ಕ್ಕೆ 12. ಅಂದರೆ 30 ಸೆಂಟಿಮೀಟರ್ ಎತ್ತರದ ಎರಡು ಮೆಟ್ಟಿಲಿಗೆ 3.6 ಮೀಟರ್ ಉದ್ದದ ರ‍್ಯಾಂಪ್. ಅರ್ಧ ಉದ್ದದಲ್ಲಿ ಮುಗಿಸಿದ ಕಡಿದಾದ ರ‍್ಯಾಂಪ್‌ ಮೇಲೆ ಒಬ್ಬರೇ ಹತ್ತಲು ಆಗದು, ಇಳಿಯುವಾಗ ಮುಗ್ಗರಿಸುವ ಭಯ.

ಬೇಸಿಗೆಯಲ್ಲಿ ಕರೆಂಟ್ ಹೋದರೆ ಓದು ನಿಲ್ಲದಂತೆ ತಿದ್ದಿದ ಕಡತವನ್ನು ವಿದ್ಯಾರ್ಥಿಯ ಫೋನಿಗೂ ಹಾಕಿಕೊಡಿ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ (ಫೋನಿನ ಪರದೆ ಓದಿ ಹೇಳುವ ಸೌಲಭ್ಯ) ಜೊತೆ ಗೂಗಲ್‌ನ ಕನ್ನಡ ಧ್ವನಿ ಇಸ್ಪೀಕ್‌ಗಿಂತ ಎಷ್ಟೋ ಸಹಜ. ಧ್ವನಿಯ ದತ್ತಾಂಶವನ್ನು ಕಾಲೇಜಿನ ವೈಫೈಯಲ್ಲೇ ಇಳಿಸಿಕೊಟ್ಟರೆ ಸಿಂಧನೂರು, ಮಾನ್ವಿ ಕಡೆಯ ಹಳ್ಳಿಗೆ ಹೋದ ಮೇಲೆ ನೆಟ್ ಇಲ್ಲದೆಯೂ ಓದುತ್ತದೆ.