ದುಬಾರಿ ರೋಡ್ ಬೈಕ್: ಎತ್ತಿ ನೋಡಿ ಕೊಂಡವರಿಗೆ ಆದದ್ದು

ಆರು ಲಕ್ಷ ದಾಟಿದ ಕಾರ್ಬನ್ ರೋಡ್ ಬೈಕ್ ಒಂದು, ಕೊಂಡ ಐದೇ ತಿಂಗಳಿಗೆ ಬೆಂಗಳೂರಿನಲ್ಲಿ ಮಾರಾಟಕ್ಕೆ ನಿಂತಿದೆ. ಫ್ರೇಮ್‌ನಲ್ಲಿ ಬಿರುಕಿಲ್ಲ, ಗೇರ್ ಸಲೀಸಾಗಿ ಬೀಳುತ್ತದೆ. ಕೊಂಡವರಿಗೆ 46 ವರ್ಷ, ತೂಕ 78 ಕೆ.ಜಿ. ರೇಸಿಗೆ ಇಳಿಯುವವರಲ್ಲ. ವಾರಕ್ಕೊಮ್ಮೆ ನಂದಿ ಬೆಟ್ಟ, ವರ್ಷಕ್ಕೆ ಒಂದೆರಡು 200 ಕಿ.ಮೀ. ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸುವ ದೂರದ ಸವಾರಿ), ಅಷ್ಟೇ. ಅಂಗಡಿಯವರು ಹಳೆಯ ಸ್ಟಾಕಿನ ರೇಸ್ ಮಾಡೆಲನ್ನು ರಿಯಾಯಿತಿಯಲ್ಲಿ ತೋರಿಸಿ, "ಏಳು ಕೆ.ಜಿ. ಅಷ್ಟೇ ಸಾರ್, ಎತ್ತಿ ನೋಡಿ" ಅಂದರು. ಇವರು ಎತ್ತಿ ನೋಡಿದರು. ಹತ್ತಿ ನೋಡಿದ್ದು ಮಾತ್ರ ಅಂಗಡಿ ಮುಂದಿನ ರಸ್ತೆಯಲ್ಲಿ ಹತ್ತು ನಿಮಿಷ.

ಮೊದಲು ಕಾಡಿದ್ದು ಕೈ. 40 ಕಿ.ಮೀ. ಆಗುವಷ್ಟರಲ್ಲಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದವು. ಅಂಗೈಯ ಹೊರಬದಿಯಲ್ಲಿ ಹಾಯುವ ಅಲ್ನರ್ ನರದ ಮೇಲೆ ಮೈಭಾರ ಬಿದ್ದಾಗ ಹೀಗಾಗುತ್ತದೆ. ಗ್ಲೌಸ್ ಬದಲಾಯಿಸಿದರು, ದಪ್ಪ ಬಾರ್ ಟೇಪ್ ಸುತ್ತಿಸಿದರು, ಕಡಿಮೆಯಾಗಲಿಲ್ಲ. ತೊಂದರೆ ಇದ್ದದ್ದು ಫ್ರೇಮ್‌ನ ಅಳತೆಯಲ್ಲಿ. ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್‌ನ ನಡುವಿನಿಂದ, ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬ್‌ನ ಮೇಲ್ತುದಿಗೆ ನೇರ ಎತ್ತರ ಎಷ್ಟೋ ಅದು ಸ್ಟ್ಯಾಕ್; ಅದು ಕಡಿಮೆಯಾದಷ್ಟೂ ಸವಾರ ಹೆಚ್ಚು ಬಗ್ಗಬೇಕು. ಅದೇ ಎರಡು ಬಿಂದುಗಳ ನಡುವಿನ ಅಡ್ಡ ದೂರ ರೀಚ್. 56ರ ಸೈಜಿನ ರೇಸ್ ಫ್ರೇಮ್‌ನಲ್ಲಿ ಸ್ಟ್ಯಾಕ್ ಸುಮಾರು 565 ಮಿ.ಮೀ. ಇರುತ್ತದೆ, ದೂರದ ಸವಾರಿಗೆಂದೇ ಮಾಡಿದ ಎಂಡ್ಯೂರೆನ್ಸ್ ಫ್ರೇಮ್‌ನಲ್ಲಿ 585ರಿಂದ 610. ಕಾಗದದ ಮೇಲೆ ಎರಡು ಬೆರಳಿನ ಅಂತರ. ಆದರೆ ನಡುವಯಸ್ಸಿನ ಬೆನ್ನು ನಾಲ್ಕು ಗಂಟೆ ಬಗ್ಗಿ ಕೂತಿರಬಲ್ಲದೋ ಇಲ್ಲವೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗುತ್ತದೆ.

"ಸ್ಪೇಸರ್ ಹಾಕಿ ಎತ್ತರಿಸಿ ಕೊಡ್ತೀವಿ" ಎಂಬ ಭರವಸೆ ಅಂಗಡಿಯಲ್ಲಿ ಸಿಕ್ಕಿತ್ತು. ಸ್ಪೇಸರ್ ಎಂದರೆ ಹ್ಯಾಂಡಲ್ ಎತ್ತರಿಸಲು ಅದರ ಕೆಳಗೆ ಕೂರಿಸುವ ಬಳೆ. ಅದು ನಡೆಯದೆ ಹೋದದ್ದು ಎರಡು ಕಾರಣಕ್ಕೆ. ನೋಟ ಚೆನ್ನಾಗಿರಲೆಂದು ಅಂಗಡಿಯಲ್ಲೇ ಸ್ಟೀರರ್ ಟ್ಯೂಬನ್ನು (ಫೋರ್ಕ್‌ನಿಂದ ಮೇಲೆದ್ದು ಹ್ಯಾಂಡಲ್ ಹಿಡಿಯುವ ಕೊಳವೆ) 10 ಮಿ.ಮೀ. ಸ್ಪೇಸರ್‌ಗೆ ಸರಿಯಾಗಿ ಕತ್ತರಿಸಿಯಾಗಿತ್ತು. ಕತ್ತರಿಸಿದ ಕಾರ್ಬನ್ ಸ್ಟೀರರನ್ನು ಬೆಳೆಸಲಾಗದು, ಹೊಸ ಫೋರ್ಕೇ ಬೇಕು. ಇನ್ನೊಂದು, ಹ್ಯಾಂಡಲ್ ಬಾರ್ ಮತ್ತು ಅದನ್ನು ಸ್ಟೀರರ್‌ಗೆ ಜೋಡಿಸುವ ಸ್ಟೆಮ್ ಒಂದೇ ತುಂಡಾಗಿದ್ದವು. ಬೇರೆ ಸ್ಟೆಮ್ ಇದ್ದಿದ್ದರೆ 100 ಮಿ.ಮೀ. ಉದ್ದದ, ಮೈನಸ್ 6 ಡಿಗ್ರಿಯದನ್ನು ಮಗುಚಿ ಪ್ಲಸ್ 6 ಮಾಡಿ ಕೈಯ ಜಾಗವನ್ನು 20 ಮಿ.ಮೀ. ಏರಿಸಬಹುದಿತ್ತು, ಬಿಡಿಗಾಸಿಲ್ಲದೆ. ಇಲ್ಲಿ ಇಡೀ ಬಾರ್ ಬದಲಾಗಬೇಕು. ಬ್ರೇಕ್ ಎಣ್ಣೆಯ ಹೋಸ್‌ಗಳು ಬಾರ್‌ನ ಒಳಗಿಂದ, ಹ್ಯಾಂಡಲ್ ತಿರುಗುವ ಹೆಡ್‌ಸೆಟ್ ಬೇರಿಂಗ್ ಮೂಲಕ ಇಳಿದಿರುವುದರಿಂದ ಅವನ್ನು ಬಿಚ್ಚಿ, ಮರುಜೋಡಿಸಿ, ಎರಡೂ ಬ್ರೇಕ್ ಬ್ಲೀಡ್ ಮಾಡಬೇಕು (ಎಣ್ಣೆಯೊಳಗಿನ ಗಾಳಿ ತೆಗೆಯಬೇಕು). ಮಳೆಗಾಲ ಕಳೆದ ಮೇಲೆ ಮೇಲಿನ ಬೇರಿಂಗ್ ತುಕ್ಕು ಹಿಡಿದು ಕರಕರ ಎಂದರೂ ಇದೇ ಕೆಲಸ, ಇದೇ ಕೂಲಿ. ಇಂಥ ಬಾರ್‌ನಿಂದ ಗಾಳಿಯ ತಡೆ ತಗ್ಗಿ ಉಳಿಯುವ ಕೆಲವು ಸೆಕೆಂಡುಗಳು ರೇಸಿಗರಿಗೆ ಬೇಕು. ಉಳಿದವರು ಇಷ್ಟು ತೆರುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಟೈರಿನದು ಇನ್ನೊಂದು ಕಥೆ. ಆ ಫ್ರೇಮ್‌ಗೆ 28 ಮಿ.ಮೀ. ಟೈರೇ ಕಂಪನಿ ಹೇಳಿದ ಮಿತಿ. ರಿಮ್ ಅಗಲವಾಗಿದ್ದರೆ 28ರ ಟೈರೇ ಉಬ್ಬಿ 30ರ ಹತ್ತಿರ ಬರುತ್ತದೆ, ಆಗ ಫೋರ್ಕ್‌ನ ಸಂದಿಗೆ ಸಿಕ್ಕಿದ ಒಂದು ಕಲ್ಲು ಸಾಕು ಕಾರ್ಬನ್ ಕೆರೆಯಲು. ಹೆಸರಘಟ್ಟ ಕಡೆಯ ಒಡೆದ ಡಾಂಬರು, ಬಣ್ಣ ಬಳಿಯದ ಹಂಪ್, ನೀರು ತುಂಬಿ ಕಾಣದ ಗುಂಡಿ, ಇವಕ್ಕೆಲ್ಲ 32ರ ಟೈರ್, 60 ಪಿ.ಎಸ್.ಐ. ಆಸುಪಾಸಿನ ಗಾಳಿ ಹಿತ. ಟ್ರೆಕ್ ಡೊಮಾನೆ, ಜೈಂಟ್ ಡಿಫೈಗಳ ಈಚಿನ ಫ್ರೇಮ್‌ಗಳಲ್ಲಿ 38ರವರೆಗೆ ಜಾಗವಿದೆ. ರಿಮ್ ಹುಕ್‌ಲೆಸ್ ಆಗಿದ್ದರೆ (ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದಿದ್ದರೆ) ನೆನಪಿಡಿ: ಗಾಳಿ 72.5 ಪಿ.ಎಸ್.ಐ. ಮೀರಬಾರದು, ರಿಮ್ ಕಂಪನಿ ಒಪ್ಪಿದ ಟ್ಯೂಬ್‌ಲೆಸ್ ಟೈರ್ ಬಿಟ್ಟು ಬೇರೆ ಹಾಕಬಾರದು. ದೇವನಹಳ್ಳಿ ಬಳಿ ಟೈರ್ ಹರಿದಾಗ ಸಿಕ್ಕಿದ ಮಾಮೂಲಿ ಟೈರ್ ತೊಡಿಸಿ ಮನೆ ಸೇರುವ ಉಪಾಯ ಅಲ್ಲಿ ಅಪಾಯ.

ಗೇರ್ ಲೆಕ್ಕ ಚಿಕ್ಕದು. ಮುಂದಿನ ಹಲ್ಲುಚಕ್ರಗಳಲ್ಲಿ 52/36 ಹಲ್ಲು, ಹಿಂದಿನ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್‌ನಲ್ಲಿ 11-30 ಇದ್ದರೆ, ಅತಿ ಹಗುರ ಗೇರ್‌ನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯಲು ಗಂಟೆಗೆ ಸುಮಾರು 9.2 ಕಿ.ಮೀ. ವೇಗ ಬೇಕು. 50/34 ಮತ್ತು 11-34ರಲ್ಲಿ 7.7 ಸಾಕು. ನಂದಿಯ ಕೊನೆಯ ಕಡಿದಾದ ತಿರುವುಗಳಲ್ಲಿ ಮಂಡಿ ಉಳಿಸುವುದು ಈ ಒಂದೂವರೆ ಕಿ.ಮೀ. ವ್ಯತ್ಯಾಸ. ಕ್ಯಾಸೆಟ್ ಆಮೇಲೂ ಬದಲಾಯಿಸಬಹುದು, ಸ್ಟ್ಯಾಕ್ ಮತ್ತು ಟೈರಿನ ಜಾಗ ಬದಲಾಗವು.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆಯೇ ಬೈಕ್ ಫಿಟ್ (ಸವಾರಿಗೆ ಮೈಯಳತೆ) ಮಾಡಿಸಿ, ನಿಮ್ಮ ಮೈಗೆ ಒಗ್ಗುವ ಸ್ಟ್ಯಾಕ್, ರೀಚ್ ಬರೆಸಿಕೊಳ್ಳಿ. ನೀವಾಗಿ ಹೇಳುವವರೆಗೆ ಸ್ಟೀರರ್ ಕತ್ತರಿಸಕೂಡದೆಂದು ಬಿಲ್ಲಿನ ಮೇಲೇ ಬರೆಸಿ. ಒಂದು ತಿಂಗಳು ಓಡಿಸಿದ ಮೇಲೆ ಕತ್ತರಿಸಿದರೂ ತಡವಲ್ಲ. ಬಾಟಮ್ ಬ್ರಾಕೆಟ್ ಥ್ರೆಡ್ (ತಿರುಪು) ಇರುವುದಾದರೆ ಒಳ್ಳೆಯದು, ಒತ್ತಿ ಕೂರಿಸುವ ಪ್ರೆಸ್-ಫಿಟ್‌ನ ಕಿರುಗುಟ್ಟುವಿಕೆ ತಪ್ಪುತ್ತದೆ. ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಭಾಗವನ್ನು ಫ್ರೇಮ್‌ಗೆ ಹಿಡಿದಿಡುವ ಕೊಂಡಿ) ಆ ಮಾಡೆಲ್‌ಗೇ ಮೀಸಲಾದದ್ದಾದರೆ ಬೈಕಿನ ಜೊತೆಗೇ ಎರಡು ಕೊಂಡಿಡಿ. ಬಗ್ಗಿದ ದಿನ ಹುಡುಕಹೊರಟರೆ ಬೈಕ್ ವಾರಗಟ್ಟಲೆ ಗೋಡೆಗೆ ಒರಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಫ್ರೇಮ್‌ನ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಮಾತ್ರ ಎಂಬುದನ್ನು ಬೆಲೆಯಲ್ಲಿ ಕಳೆಯಿರಿ. ಶಿಮಾನೊ 11 ಸ್ಪೀಡ್‌ನ ಅಲ್ಟೆಗ್ರಾ ಅಥವಾ ಡ್ಯೂರಾ-ಏಸ್ ಕ್ರ್ಯಾಂಕ್ ಇದ್ದರೆ, ಪೆಡಲ್ ಹಿಡಿದಿರುವ ಅದರ ತೋಳಿನ ಹಿಂಬದಿಯಲ್ಲಿ ತಯಾರಾದ ಕಾಲ ತಿಳಿಸುವ ಎರಡಕ್ಷರದ ಕೋಡ್ ಓದಿ. 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದವುಗಳಲ್ಲಿ ಅಂಟಿಸಿದ ಪದರ ಬಿಟ್ಟುಕೊಳ್ಳುವ ದೋಷ ಕಂಡು, 2023ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ತಪಾಸಣೆ ಘೋಷಿಸಿತು. ತಪಾಸಣೆ ಆದ ದಾಖಲೆ ಕೇಳಿ. ಒಂದೇ ತುಂಡಿನ ಬಾರ್ ಇರುವ ರೇಸ್ ಬೈಕ್ ಕಡಿಮೆ ಬೆಲೆಗೆ ಕಂಡರೆ, ಫೋನಿನಲ್ಲೇ ಮೊದಲು ಕೇಳಿ: "ಸ್ಟೀರರ್ ಕತ್ತರಿಸಿದ್ದೀರಾ? ಈಗ ಎಷ್ಟು ಮಿ.ಮೀ. ಸ್ಪೇಸರ್ ಇದೆ?"