ಪಂಪಿನ ಬಬಲ್ ಏರ್ ಬೆಡ್: ಕೆಡುವುದು ಹಾಸುವಲ್ಲಿ

ಹಾಸಿಗೆ ಹಿಡಿದ ರೋಗಿಗೆ ಹಾಸಿಗೆ ಹುಣ್ಣು ಆಗದಿರಲೆಂದು ಮೆಡಿಕಲ್ ಶಾಪಿನಲ್ಲಿ ‘ಏರ್ ಬೆಡ್ ಕೊಡಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಇದೇ: ನೂರಕ್ಕೂ ಹೆಚ್ಚು ಗುಳ್ಳೆಗಳ ಪಿವಿಸಿ ಹಾಳೆ, ಪುಟ್ಟ ಪಂಪು, ಎರಡು ಪೈಪು, ತೂತು ಬಿದ್ದರೆ ಹಚ್ಚಲು ತೇಪೆ. ಗುಳ್ಳೆಗಳು ಸರದಿಯಂತೆ ಉಬ್ಬಿ ಇಳಿಯುತ್ತವೆ. ಒಂದು ಸುತ್ತಿಗೆ ಹೆಚ್ಚಿನ ಪಂಪುಗಳಲ್ಲಿ 10–12 ನಿಮಿಷ. ಮೂಳೆ ಎದ್ದ ಜಾಗದ ಮೇಲೆ ಒತ್ತಡ ಒಂದೇ ಸಮ ನಿಲ್ಲದಿದ್ದರೆ ಅಲ್ಲಿಗೆ ರಕ್ತ ಹರಿಯುತ್ತದೆ ಎಂಬುದು ಲೆಕ್ಕ. ಲೆಕ್ಕವೇನೋ ಸರಿ.

ಬರೀ ಹಲಗೆಯ ಮೇಲೆ ಹಾಸಬೇಡಿ. ಕೆಳಗೆ ಫೋಮ್ ಅಥವಾ ಹತ್ತಿಯ ಹಾಸಿಗೆ ಇರಲೇಬೇಕು, ಕರೆಂಟು ಹೋಗಿ ಗಾಳಿ ಇಳಿದಾಗ ರೋಗಿಗೆ ಅದೇ ಆಸರೆ. ಪೈಪು ಕಾಲ್ದೆಸೆಗೆ ಬರಲಿ, ಎಲ್ಲೂ ಮಡಚದಿರಲಿ. ರೋಗಿಯನ್ನು ಮಲಗಿಸುವ ಮುಂಚೆ ನಾಬ್ ಪೂರ್ತಿ ತಿರುಗಿಸಿ ಅರ್ಧ ಗಂಟೆ ಗಾಳಿ ತುಂಬಿಸಿ, ಆಮೇಲೆ ಅವರ ತೂಕದ ಗುರುತಿಗೆ ಇಳಿಸಿ. ಈ ಇಳಿಸುವುದನ್ನೇ ಬಹಳ ಜನ ಮರೆಯುತ್ತಾರೆ. 45 ಕೆಜಿಯ ಅಜ್ಜಿಗೆ ಕಲ್ಲುಗುಂಡಿನ ಮೇಲೆ ಮಲಗಿದ ಹಾಗಾಗುತ್ತದೆ, ಬೆಡ್ ಅಟ್ಟ ಸೇರುತ್ತದೆ.

ಗಾಳಿ ಸಾಕೋ ಸಾಲದೋ ನೋಡಲು ರೋಗಿಯ ಸೊಂಟದ ನೇರಕ್ಕೆ, ಏರ್ ಬೆಡ್ಡಿಗೂ ಕೆಳಹಾಸಿಗೆಗೂ ನಡುವೆ, ಅಂಗೈ ಮೇಲಾಗಿ ಕೈ ತೂರಿಸಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ಕೈಗೂ ಮೈಗೂ ನಡುವೆ ಸುಮಾರು ಒಂದು ಇಂಚು ಅಂತರ ಇರಬೇಕು.

ಮೇಲೆ ತೆಳು ಹತ್ತಿಯ ಬೆಡ್‌ಶೀಟ್ ಒಂದೇ, ಅದೂ ಸಡಿಲವಾಗಿ. ರಬ್ಬರ್ ಶೀಟು, ಮಡಿಸಿದ ಕಂಬಳಿ, ಎರಡೆರಡು ಡೈಪರ್ ಬಿದ್ದರೆ ಗುಳ್ಳೆ ಇದ್ದೂ ಇಲ್ಲದ ಹಾಗೆ. ಪಿವಿಸಿಗೆ ಬೆವರು ಹೀರುವ ಗುಣವಿಲ್ಲ, ಈ ಬೆಡ್ಡಿನ ದೊಡ್ಡ ದೋಷ ಅದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೆನ್ನು ತೊಯ್ದು ಚರ್ಮ ನೆನೆದು ಮೆತ್ತಗಾಗುತ್ತದೆ, ಸುಲಭವಾಗಿ ಸುಲಿಯುತ್ತದೆ.

ಬೆಡ್ ಇದೆ ಅಂತ ಮಗ್ಗುಲು ಬದಲಿಸುವುದು ತಪ್ಪದು. ಎರಡು ಗಂಟೆಗೊಮ್ಮೆ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ ಮಾಡಿದರೆ ಸಾಕು. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಭಾರವೆಲ್ಲ ತೊಡೆಯ ಮೇಲ್ಮೂಳೆಗೆ ಬೀಳುತ್ತದೆ. ಕಂಕುಳಿಗೆ ಕೈಹಾಕಿ ಎಳೆಯಬೇಡಿ. ಸೊಂಟದಡಿ ಹಾಸಿದ ಶೀಟನ್ನು ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ. ಹಿಮ್ಮಡಿಗಂತೂ ಈ ಗುಳ್ಳೆಗಳನ್ನು ನಂಬಲಾಗದು: ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಕೆಂಪಾದ ಜಾಗ ಬೆರಳಲ್ಲಿ ಒತ್ತಿದರೂ ಬಿಳಿಚದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು. ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಎಂದು ಮುಟ್ಟಿ ನೋಡಿ. ಅಲ್ಲಿಗೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಒಳಗೆ ನಲುಗಿದ ಮಾಂಸಕ್ಕೆ ಅದರಿಂದ ಇನ್ನಷ್ಟು ಪೆಟ್ಟು.

ಹುಣ್ಣು ಇನ್ನೂ ಆಗಿಲ್ಲ, ಮನೆಯಲ್ಲಿ ಯುಪಿಎಸ್ ಇದೆ ಅಂದರೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆಳವಾದ ಹುಣ್ಣಿದ್ದರೆ, ರೋಗಿ ದಪ್ಪಗಿದ್ದರೆ ಅಡ್ಡ ಕೊಳವೆಗಳ ಟ್ಯೂಬುಲರ್ ಬೆಡ್ ನೋಡಿ. ಬೆಲೆ ಹೆಚ್ಚು, ಆದರೆ ಎತ್ತರವೂ ಹೆಚ್ಚು. ಒಂದು ಕೊಳವೆ ಹೋದರೆ ಅದೊಂದನ್ನೇ ಬದಲಿಸುವ ಮಾದರಿಗಳಿವೆ.

ಕೊಳ್ಳುವಾಗ ಅಂಗಡಿಯಲ್ಲೇ ಪಂಪು ಹಾಕಿಸಿ, ಎರಡೂ ಮೂತಿಗೆ ಬೆರಳಿಟ್ಟು ನೋಡಿ. ಈಗ ಒಂದರಲ್ಲಿ ಗಾಳಿ ಬಂದರೆ ಐದಾರು ನಿಮಿಷಕ್ಕೆ ಇನ್ನೊಂದರಲ್ಲಿ ಬರಬೇಕು. ಅಷ್ಟು ಹೊತ್ತು ಕಾಯಲು ಅಂಗಡಿಯವರು ಗೊಣಗಿದರೂ ಕಾಯಿರಿ.